ಹೂವಿಗೆ ಕಾಯಬೇಡಿ, ಎಲೆ ಕೂತಿರುವ ಬಗೆ ನೋಡಿ

ಪ್ರಶ್ನೆ: ನಾನು ಸಿರಾ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತೇನೆ. ಬೇವು, ಹೊಂಗೆ, ಎಕ್ಕ ಬಿಟ್ಟರೆ ಅಲ್ಲಿನ ಗಿಡಗಳ ಹೆಸರು ಗೊತ್ತಿಲ್ಲ. ಮೊಬೈಲ್ ಆ್ಯಪ್ ಒಂದೇ ಗಿಡಕ್ಕೆ ದಿನಕ್ಕೊಂದು ಹೆಸರು ಹೇಳುತ್ತದೆ. ನಮ್ಮ ನೆಲದ ಗಿಡಗಳನ್ನು ಗುರುತಿಸೋಕೆ ಎಲ್ಲಿಂದ ಶುರು ಮಾಡಲಿ? ಯಾವುದು ನಮ್ಮದು, ಯಾವುದು ಹೊರಗಿನಿಂದ ಬಂದದ್ದು ಅಂತ ಹೇಗೆ ತಿಳಿಯೋದು? ಮುಂದೆ ಶಾಲೆ ಮಕ್ಕಳನ್ನೂ ಕರೆದುಕೊಂಡು ಹೋಗುವ ಆಸೆ ಇದೆ.

ಉತ್ತರ: ನಿಮಗೆ ಗೊತ್ತಿರುವ ಗಿಡಗಳು ಮೂರೇ ಅಂತ ನನಗೆ ಅನ್ನಿಸುವುದಿಲ್ಲ. ಕರಿಬೇವು, ತುಳಸಿ, ನಿಂಬೆ, ದಾಸವಾಳ, ಬೆಂಡೆ, ಅವರೆ, ನುಗ್ಗೆ ಇವನ್ನೆಲ್ಲ ನೀವು ವರ್ಷಗಳಿಂದ ಮುಟ್ಟಿ, ಮೂಸಿ, ಬಿಡಿಸಿ ಬಲ್ಲಿರಿ. ಏರಿ ಮೇಲೆ ಬೆಳೆಯುವ ಬಹಳಷ್ಟು ಗಿಡಗಳು ಇವುಗಳ ನೆಂಟರೇ. ಆ ನಂಟು ಹಿಡಿದುಕೊಂಡು ಹೋದರೆ ದಾರಿ ಸುಲಭ.

ಜಾಗದ ವಿಷಯದಲ್ಲೂ ನೀವು ಅದೃಷ್ಟವಂತರು. ಕೆರೆ ಏರಿ ಅಂದರೆ ಒಂದು ಕಡೆ ನೀರಂಚು, ಇನ್ನೊಂದು ಕಡೆ ಅಚ್ಚುಕಟ್ಟು, ನಡುವೆ ಒಣ ಮಣ್ಣಿನ ದಿಬ್ಬ. ನಾಲ್ಕು ಹೆಜ್ಜೆ ಇಳಿದರೆ ಗಿಡಗಳ ಗುಂಪೇ ಬದಲಾಗುತ್ತದೆ. ಹಾಗಾಗಿ ಬೇರೆ ಎಲ್ಲಿಗೂ ಹೋಗಬೇಡಿ. ಏರಿಯ ಒಂದು ಚಿಕ್ಕ ಭಾಗ ಆರಿಸಿಕೊಳ್ಳಿ, ಅರ್ಧ ಕಿಲೋಮೀಟರ್ ಸಾಕು. ಅಲ್ಲಿ ಪದೇಪದೇ ಕಣ್ಣಿಗೆ ಬೀಳುವ 20 ಗಿಡಗಳನ್ನು ಒಂದು ವರ್ಷ ನೋಡಿ. ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, "ಕಲ್ಲಿನ ಪಕ್ಕದ ಮುಳ್ಳುಗಿಡ" ಅಂತ ಬರೆದುಕೊಂಡು ನೋಡುತ್ತಾ ಹೋಗಿ. ಒಂದು ಗಿಡ ಚಿಗುರುವುದು, ಹೂ ಬಿಡುವುದು, ಕಾಯಿ ಕಟ್ಟುವುದು, ಎಲೆ ಉದುರಿಸಿ ಬೋಳಾಗುವುದು ಎಲ್ಲವನ್ನೂ ನೋಡಿದವರು ಅದನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಾರೆ. ಊರೂರು ಸುತ್ತಿ ನೂರು ಗಿಡಕ್ಕೆ ಹೆಸರು ಬರೆದುಕೊಂಡವರಿಗೆ ಇದು ಬರುವುದಿಲ್ಲ.

ಶುರು ಮಾಡುವವರು ಸಾಮಾನ್ಯವಾಗಿ ಹೂ ನೋಡಿ ಗಿಡ ಗುರುತಿಸೋಕೆ ಹೋಗುತ್ತಾರೆ. ಆದರೆ ಎಷ್ಟೋ ಗಿಡಗಳಲ್ಲಿ ಹೂ ಇರುವುದು ಕೆಲವೇ ವಾರ. ಎಲೆ, ಕಡ್ಡಿ, ತೊಗಟೆ ನಿಮ್ಮ ಕೈಗೆ ಹೆಚ್ಚು ಕಾಲ ಸಿಗುತ್ತವೆ. ಅದರಲ್ಲೂ ಎಲೆ ಕಡ್ಡಿಯ ಮೇಲೆ ಹೇಗೆ ಕೂತಿದೆ ಅನ್ನುವುದು ಎಲ್ಲಕ್ಕಿಂತ ನಂಬಬಹುದಾದ ಗುರುತು. ಎಲೆಯ ಅಗಲ, ಬಣ್ಣ ನೀರು ಬಿಸಿಲಿಗೆ ತಕ್ಕಂತೆ ಬದಲಾಗುತ್ತವೆ. ಎಲೆ ಕೂರುವ ಕ್ರಮ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ನಾಳೆಯೇ ಹೊಂಗೆಯ ಒಂದು ರೆಂಬೆಯನ್ನು ಕಣ್ಣಿನ ಹತ್ತಿರ ಎಳೆದುಕೊಂಡು ನೋಡಿ. ಹೊಳೆಯುವ ಹಸಿರು ಹಾಳೆಗಳು ಒಂದೇ ತೊಟ್ಟಿನ ಎರಡೂ ಬದಿಗೆ ಜೋಡಿಜೋಡಿಯಾಗಿ ಇವೆ, ತುದಿಯಲ್ಲಿ ಒಂಟಿಯಾಗಿ ಇನ್ನೊಂದು. ಎಣಿಸಿದರೆ ಸಾಮಾನ್ಯವಾಗಿ 5 ಅಥವಾ 7. ಇವು 7 ಎಲೆಗಳೋ, ಒಂದು ಎಲೆಯ 7 ಭಾಗಗಳೋ? ಕಡ್ಡಿಗೆ ತೊಟ್ಟು ಸೇರುವ ಕಂಕುಳನ್ನು ನೋಡಿ. ಅಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ, ಮುಂದೆ ಕೊಂಬೆಯೋ ಹೂಗೊಂಚಲೋ ಆಗುವಂಥದ್ದು. ಬಿಡಿ ಹಾಳೆಗಳ ಬುಡದಲ್ಲಿ ಎಷ್ಟು ಹುಡುಕಿದರೂ ಮೊಗ್ಗು ಸಿಗುವುದಿಲ್ಲ. ಅಂದರೆ ಮೊಗ್ಗಿನಿಂದ ಆಚೆಗಿರುವುದೆಲ್ಲ ಸೇರಿ ಒಂದೇ ಎಲೆ. ಇದೇ ಸಂಯುಕ್ತ ಎಲೆ, ಅದರ ಭಾಗಗಳು ಕಿರುಎಲೆಗಳು. ಹಾಗೇ ಆ ಕಿರುಎಲೆಗಳ ಮೇಲೆ ಸಣ್ಣ ಸಣ್ಣ ಗಂಟು ಎದ್ದಿವೆಯಾ ನೋಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಮಾಡಿಕೊಂಡ ಮನೆಗಳವು. ಹೊಂಗೆಯಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ದೂರದಿಂದ ಗುರುತು ಹಿಡಿಯೋಕೂ ನೆರವಾಗುತ್ತದೆ.

ಈ ಮೊಗ್ಗಿನ ಪರೀಕ್ಷೆ ಒಂದು ಕೈಗೆ ಹತ್ತಿದರೆ ಅರ್ಧ ಗೊಂದಲ ಕಳೆಯುತ್ತದೆ. ಬೇವಿನದೂ ಸಂಯುಕ್ತ ಎಲೆ. ಕಿರುಎಲೆಯ ಅಂಚಿನಲ್ಲಿ ಗರಗಸದ ಹಲ್ಲು ಇದೆ, ನಡುನರದ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಹೆಬ್ಬೇವಿನಲ್ಲಿ ಆ ತೊಟ್ಟು ಮತ್ತೆ ಕವಲೊಡೆಯುತ್ತದೆ, ಕವಲಿನ ಮೇಲೆ ಕಿರುಎಲೆ ಇರುತ್ತದೆ. ಬೇವಿನಲ್ಲಿ ಕವಲು ಇಲ್ಲ. ಇಷ್ಟು ನೋಡಿದರೆ ಎರಡನ್ನೂ ಬೇರೆ ಮಾಡಬಹುದು.

ಮುಂದಿನ ಹೆಜ್ಜೆ ಎಲೆಗಳು ಎದುರುಬದುರು ಇವೆಯೋ, ಒಂದಾದ ಮೇಲೊಂದು ಆಚೆ ಈಚೆ ಇವೆಯೋ ಅಂತ ನೋಡುವುದು. ಎಕ್ಕ, ತುಂಬೆ, ಶ್ರೀಗಂಧ ಇವುಗಳಲ್ಲಿ ಎದುರುಬದುರು. ಹೊಂಗೆ, ಆಲ, ಎಲಚಿಯಲ್ಲಿ ಒಂದಾದ ಮೇಲೊಂದು. ಆಮೇಲೆ ಒಂದು ಎಲೆ ಮುರಿದು ಹಾಲು ಬರುತ್ತದಾ ನೋಡಿ, ಉಜ್ಜಿ ಮೂಸಿ. ಕರಿಬೇವಿನ ಎಲೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆಗಳು ಹೊಳೆಯುತ್ತವೆ. ಅವು ಎಣ್ಣೆಯ ಚೀಲಗಳು, ವಾಸನೆ ಬರುವುದು ಅಲ್ಲಿಂದಲೇ. ನಿಂಬೆ, ಬಿಲ್ವಪತ್ರೆ, ಬೇಲದ ಎಲೆಯಲ್ಲೂ ಇದೇ ಚುಕ್ಕೆಗಳಿವೆ, ಎಲ್ಲ ಒಂದೇ ಕುಟುಂಬ. ನಿಂಬೆ ಚಿಟ್ಟೆಯ ಹುಳುವಿಗೂ ಈ ನಂಟು ಗೊತ್ತು. ಅದು ಕರಿಬೇವು, ನಿಂಬೆ, ಬಿಲ್ವ ಮೂರನ್ನೂ ತಿನ್ನುತ್ತದೆ. ಅದಕ್ಕೇ ಎಲೆ ಮೇಲೆ ಹುಳು ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ನಿಮ್ಮ ಏರಿಯ ಮೇಲೆ ಖಂಡಿತ ಇರುವ, ಎಲ್ಲರನ್ನೂ ತಬ್ಬಿಬ್ಬು ಮಾಡುವ ಮರಕ್ಕೆ ಬರೋಣ. ಜಾಲಿ. ಮುಳ್ಳಿರುವುದೆಲ್ಲ ಜಾಲಿ ಅಂದುಬಿಡುತ್ತೇವೆ, ಆದರೆ ನಿಮ್ಮ ಕಡೆ ಕನಿಷ್ಠ ಮೂರು ಸಿಗುತ್ತವೆ. ಕರಿಜಾಲಿಯನ್ನು ಗೊಬ್ಬಳಿ ಅಂತಲೂ ಕರೆಯುತ್ತಾರೆ. ತೊಗಟೆ ಕಪ್ಪು, ಉದ್ದುದ್ದ ಸೀಳು ಬಿಟ್ಟಿರುತ್ತದೆ. ಹೂ ಅರಿಶಿನ ಬಣ್ಣದ ಪುಟ್ಟ ಚೆಂಡು, ಹತ್ತಿರ ಹೋದರೆ ಸುವಾಸನೆ. ಕಾಯಿ ನೋಡಿದರೆ ಮತ್ತೆ ಅನುಮಾನವೇ ಇರುವುದಿಲ್ಲ. ಬೂದು ಬಣ್ಣದ ಕಾಯಿ ಪ್ರತಿ ಬೀಜದ ನಡುವೆ ಕಿರಿದಾಗಿ, ದಾರಕ್ಕೆ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಬಿಳಿಜಾಲಿಯ ತೊಗಟೆ ನಸುಹಳದಿ ಬೆರೆತ ಬಿಳಿ, ಮಳೆಗಾಲದಲ್ಲಿ ಮರದ ನೆತ್ತಿಯ ಮೇಲೆ ಕೆನೆಬಣ್ಣದ ಹೂಗೊಂಚಲು ತುಂಬಿಕೊಳ್ಳುತ್ತದೆ. ಇವೆರಡೂ ನಮ್ಮ ಬಯಲುಸೀಮೆಯ ಹಳೆಯ ಮರಗಳು.

ಮೂರನೆಯದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಮರ ಅಮೆರಿಕ ಖಂಡದ್ದು. ಸಾಮಾನ್ಯವಾಗಿ ಒಂದೇ ಕಾಂಡ ನೆಟ್ಟಗೆ ಮೇಲೆ ಹೋಗುವುದಿಲ್ಲ, ಬುಡದಿಂದಲೇ ಹಲವು ಕವಲು ಒಡೆದು ಬಾಗಿ ಹರಡುತ್ತದೆ. ಹೂ ಚೆಂಡಾಗಿರದೆ ಬೆರಳುದ್ದದ ತೆನೆಯಾಗಿ ಇಳಿಬಿದ್ದಿರುತ್ತದೆ, ಬಣ್ಣ ಹಸಿರು ಮಿಶ್ರಿತ ಹಳದಿ. ಕಾಯಿ ಒಣಹುಲ್ಲಿನ ಬಣ್ಣದ್ದು, ಸಿಹಿ. ಆಡು ಕುರಿಗಳು ತಿಂದು ಹಿಕ್ಕೆಯಲ್ಲಿ ಬೀಜ ಹಾಕುತ್ತವೆ, ಅಲ್ಲೇ ಮೊಳೆಯುತ್ತದೆ. ಕೆರೆ ಅಂಗಳಗಳು ಬಳ್ಳಾರಿ ಜಾಲಿಯಿಂದ ತುಂಬಿಹೋಗಲು ಇದೂ ಒಂದು ದೊಡ್ಡ ಕಾರಣ. ಹೂ ಕಾಯಿ ಎರಡೂ ಇಲ್ಲದ ಕಾಲದಲ್ಲಿ ಎಲೆ ನೋಡಿ. ಬಳ್ಳಾರಿ ಜಾಲಿಯ ತೊಟ್ಟು ಒಂದೆರಡು, ಹೆಚ್ಚೆಂದರೆ ಮೂರು ಜೋಡಿ ಕವಲಾಗುತ್ತದೆ, ಕಿರುಎಲೆಗಳು ಉದ್ದ. ಕರಿಜಾಲಿಯಲ್ಲಿ ಕವಲು ಜಾಸ್ತಿ, ಕಿರುಎಲೆ ತೀರಾ ಚಿಕ್ಕವು. ಈ ಮೂರನ್ನು ದೂರದಿಂದಲೇ ಹೇಳುವಷ್ಟು ಅಭ್ಯಾಸವಾದರೆ ನೀವು ನಿಜವಾಗಲೂ ಕಲಿಯುತ್ತಿದ್ದೀರಿ ಅಂತ ತಿಳಿಯಿರಿ.

ಮುಳ್ಳಿನ ಮಾತು ಬಂತು, ಎಲಚಿಯನ್ನೂ ಹೇಳಿಬಿಡುತ್ತೇನೆ. ಬೋರೆ ಹಣ್ಣಿನ ಗಿಡ. ಎಲೆಯ ಬುಡದಿಂದ ಮೂರು ನರಗಳು ಒಟ್ಟಿಗೆ ಹೊರಡುತ್ತವೆ, ಎಲೆ ತಿರುಗಿಸಿದರೆ ಅಡಿಭಾಗ ಬಿಳಿ ತುಪ್ಪಳ. ಮುಳ್ಳು ಸಾಮಾನ್ಯವಾಗಿ ಜೋಡಿ, ಒಂದು ನೇರ, ಇನ್ನೊಂದು ಕೊಕ್ಕೆ. ಸೀರೆ ಸೆರಗು ಸಿಕ್ಕಿಕೊಂಡರೆ ಬಿಡಿಸೋಕೆ ಕಷ್ಟ ಆಗುವುದು ಆ ಕೊಕ್ಕೆಯಿಂದ.

ಶಿವರಾತ್ರಿ ಹೊತ್ತಿಗೆ ಎಲೆ ಇಲ್ಲದ ಮರಗಳಲ್ಲಿ ಕೆಂಪು ಹೂ ಕಂಡರೆ ಮೂರು ಹೆಸರು ನೆನಪಿಟ್ಟುಕೊಳ್ಳಿ. ಬೂರುಗಕ್ಕೆ ದೊಡ್ಡ, ದಪ್ಪ ಎಸಳಿನ ಹೂ, ಎಳೆಯ ಮರದ ಕಾಂಡದ ತುಂಬ ಮೊಂಡು ಮುಳ್ಳು. ಮುತ್ತುಗ ಮತ್ತು ಹಾಲವಾಣ ಎರಡಕ್ಕೂ ಮೂರು ಕಿರುಎಲೆ. ಹಾಲವಾಣದ ಕೊಂಬೆಯಲ್ಲಿ ಮುಳ್ಳು ಇದೆ, ಮುತ್ತುಗದಲ್ಲಿ ಇಲ್ಲ. ಮುತ್ತುಗದ ಹೂ ಕೆಂಪಿಗಿಂತ ಕೇಸರಿ, ತೊಟ್ಟು ಕಪ್ಪು ಮಖಮಲ್ಲು. ಮುತ್ತುಗದ ಎಲೆಯಲ್ಲಿ ಊಟ ಮಾಡಿದವರಿಗೆ ಆ ಎಲೆಯ ದಪ್ಪ, ಒರಟು ನಾನು ಹೇಳಬೇಕಾಗಿಲ್ಲ.

ಸಣ್ಣ ಗಿಡಗಳಿಗೆ ಕುಟುಂಬದ ದಾರಿಯೇ ಒಳ್ಳೆಯದು. ಮಳೆ ಬಿದ್ದ ಮೇಲೆ ತುಂಬೆ ಎಲ್ಲೆಲ್ಲೂ ಏಳುತ್ತದೆ. ಅದರ ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ. ದುಂಡಗೆ ಉರುಳುವುದಿಲ್ಲ, ನಾಲ್ಕು ಅಂಚು ತಾಗುತ್ತದೆ. ಒಂದು ಜೋಡಿ ಎಲೆ ಪೂರ್ವ ಪಶ್ಚಿಮಕ್ಕಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ಬಿಳಿ ಹೂವಿಗೆ ತುಟಿಗಳಿವೆ, ಕೆಳತುಟಿ ಅಗಲ. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲ ಈ ಕುಟುಂಬವೇ. ಆದರೆ ನಾಲ್ಕು ಅಂಚಿನ ಕಾಂಡ ಅಂದ ಮಾತ್ರಕ್ಕೆ ತುಳಸಿ ಕುಟುಂಬ ಅಂತ ತೀರ್ಮಾನಿಸಬೇಡಿ. ಲಂಟಾನಕ್ಕೂ ಅಂಥದ್ದೇ ಕಾಂಡ, ಎದುರುಬದುರು ಎಲೆ. ಅದರ ಕಾಂಡದಲ್ಲಿ ಸಣ್ಣ ಮುಳ್ಳಿರುತ್ತದೆ, ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣದ ಹೂ ಇರುತ್ತದೆ. ಒಂದೇ ಗುರುತಿನ ಮೇಲೆ ಹೆಸರು ಹೇಳಬಾರದು. ಕನಿಷ್ಠ ಮೂರು ಗುರುತು ಹೊಂದಬೇಕು.

ದಾಸವಾಳ, ಬೆಂಡೆ, ಹತ್ತಿ ಹೂವಿನ ನಡುವೆ ಕೇಸರಗಳೆಲ್ಲ ಅಂಟಿಕೊಂಡು ಒಂದು ಕೊಳವೆ ಆಗಿರುತ್ತದಲ್ಲ, ಏರಿ ಮೇಲಿನ ಶ್ರೀಮುದ್ರೆಯ ಹಳದಿ ಹೂವಿನಲ್ಲೂ ಅದನ್ನೇ ನೋಡುತ್ತೀರಿ. ಅದರ ಕಾಯಿ ಗಾಲಿಯ ಆಕಾರ, ಮಕ್ಕಳು ಅದನ್ನು ಮುದ್ರೆ ಒತ್ತಿ ಆಡುತ್ತಾರೆ. ಹೂವರಸಿ ಮರವೂ ಈ ಗುಂಪಿನದೇ. ಎಲೆ ಮಾತ್ರ ನೋಡಿದರೆ ಅರಳಿ ಅನ್ನಿಸುತ್ತದೆ. ಅರಳಿ ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ, ತುದಿ ಬಾಲದಷ್ಟು ಉದ್ದ. ಹೂವರಸಿಯಲ್ಲಿ ಆ ಬಾಲ ಇಲ್ಲ, ಬಿಳಿ ಹಾಲೂ ಇಲ್ಲ.

ಹಳದಿ ಹೂವಿನ ಇನ್ನೊಂದು ಗುಂಪು ತಂಗಡಿಯದು. ಆವರಿಕೆ ಅಂತಲೂ ಹೇಳುತ್ತಾರೆ. ಒಣ ಜಾಗದಲ್ಲಿ ವರ್ಷದ ಬಹುಪಾಲು ಹೂ ಇರುತ್ತದೆ. ಎಲೆಯ ತೊಟ್ಟು ಕಡ್ಡಿಗೆ ಸೇರುವಲ್ಲಿ ದುಂಡನೆಯ ಹಸಿರು ಹಾಳೆಗಳು ಎರಡು ಬದಿಗೂ ಅಂಟಿಕೊಂಡಿರುತ್ತವೆ. ಅದು ಕಂಡರೆ ತಂಗಡಿಯೇ. ರಸ್ತೆ ಬದಿಗೆ ನೆಟ್ಟಿರುವ ಸೀಮೆತಂಗಡಿ ಮರಕ್ಕೆ ಅಂಥ ಹಾಳೆ ಇಲ್ಲ, ಅದು ಆಗ್ನೇಯ ಏಷ್ಯಾದಿಂದ ಬಂದದ್ದು. ಮಳೆಗಾಲದ ತಗಚೆಗೆ ಸಾಮಾನ್ಯವಾಗಿ ಮೂರೇ ಜೋಡಿ ಕಿರುಎಲೆ.

ನಮ್ಮದು ಯಾವುದು ಅನ್ನುವ ಪ್ರಶ್ನೆಗೆ ಈಗ ಬರುತ್ತೇನೆ. ಇದನ್ನು ಗಿಡ ನೋಡಿ ಹೇಳೋಕಾಗುವುದಿಲ್ಲ. ಮೊದಲು ಗಿಡದ ಗುರುತು ಪಕ್ಕಾ ಮಾಡಿಕೊಳ್ಳಬೇಕು, ಆಮೇಲೆ ಅದರ ಮೂಲ ಓದಿ ತಿಳಿಯಬೇಕು. ಕಾಡಿನಲ್ಲಿದೆ, ಹಳ್ಳಿಯಲ್ಲಿದೆ, ಪೂಜೆಗೆ ಬಳಸುತ್ತೇವೆ ಅನ್ನುವುದು ಆಧಾರವಾಗುವುದಿಲ್ಲ. ದೇವಸ್ಥಾನದ ಅಂಗಳದ ದೇವಕಣಗಿಲೆ ಅಮೆರಿಕ ಖಂಡದ್ದು. ಆಯುಧಪೂಜೆಯ ಚೆಂಡುಹೂವಿನ ತವರು ಮೆಕ್ಸಿಕೊ. ಮಕ್ಕಳಿಗೆಲ್ಲ ಇಷ್ಟವಾದ ಮುಟ್ಟಿದರೆ ಮುನಿ ಕೂಡ ಅಮೆರಿಕ ಖಂಡದಿಂದಲೇ ಬಂದದ್ದು. ಗುಲ್‌ಮೊಹರ್ ಮಡಗಾಸ್ಕರಿನದು. ಹುಣಸೆ ಆಫ್ರಿಕಾ ಮೂಲದ್ದು, ಆದರೆ ಬಹಳ ಹಿಂದೆಯೇ ಬಂದು ನಮ್ಮ ಅಡುಗೆಮನೆ ಸೇರಿದೆ. ಬೇವು, ಹೊಂಗೆ, ಎಕ್ಕ, ಮುತ್ತುಗ, ತಂಗಡಿ, ತುಂಬೆ, ಆಲ, ಅತ್ತಿ ಇವು ನಮ್ಮ ನೆಲದವು.

ಹೊರಗಿನಿಂದ ಬಂದ ಗಿಡಗಳೆಲ್ಲ ಕೆಟ್ಟವು ಅಂತ ಮಕ್ಕಳಿಗೆ ಹೇಳಿಕೊಡಬೇಡಿ ಅಂತ ನನ್ನ ಕೋರಿಕೆ. ಹುಣಸೆ, ಮೆಣಸಿನಕಾಯಿ, ಪರಂಗಿ ಯಾರಿಗೆ ಬೇಡ? ತೊಂದರೆ ಇರುವುದು ತಾನಾಗಿ ಹಬ್ಬಿ ಬೇರೆಯವನ್ನು ಬೆಳೆಯಲು ಬಿಡದ ಕೆಲವು ಗಿಡಗಳಿಂದ. ಲಂಟಾನ, ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡ ಅಂತ ಕರೆಯುವ ಪಾರ್ಥೇನಿಯಂ ಈ ಸಾಲಿನವು. ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು, ಆಮೇಲೆ ದೇಶವೆಲ್ಲ ಹರಡಿತು. ಅದು ಮೈಗೆ ತಾಗಿದರೆ ಕೆಲವರಿಗೆ ಚರ್ಮದ ಅಲರ್ಜಿ ಆಗುತ್ತದೆ, ಬರಿಗೈಯಲ್ಲಿ ಕೀಳಿಸಬೇಡಿ.

ಆ್ಯಪ್ ದಿನಕ್ಕೊಂದು ಹೆಸರು ಹೇಳುವುದಕ್ಕೆ ಹೆಚ್ಚಾಗಿ ಫೋಟೊ ಕಾರಣ. ಒಂದು ಎಲೆಯ ಚಿತ್ರ ಮಾತ್ರ ಕೊಟ್ಟರೆ ಗಿಡ ಬಲ್ಲವರಿಗೂ ಹೇಳೋಕೆ ಕಷ್ಟ. ಇಡೀ ಗಿಡ, ಎಲೆ ಕೂತಿರುವ ಬಗೆ ಕಾಣುವ ಕಡ್ಡಿ, ಎಲೆಯ ಅಡಿಭಾಗ, ಹೂವಿದ್ದರೆ ಎದುರಿನಿಂದ ಒಂದು, ಪಕ್ಕದಿಂದ ಒಂದು, ಕಾಯಿ, ಮರವಾದರೆ ತೊಗಟೆ, ಇಷ್ಟನ್ನು ತೆಗೆಯಿರಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟರೆ ಅಳತೆ ಗೊತ್ತಾಗುತ್ತದೆ. ಗಿಡ, ಪ್ರಾಣಿಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಅನ್ನುವ ಆ್ಯಪ್‌ನಲ್ಲಿ ಹಾಕಿದರೆ ಯಂತ್ರದ ಊಹೆಯ ಜೊತೆಗೆ ಗಿಡ ಬಲ್ಲ ಜನರೂ ನೋಡಿ ಹೆಸರು ಹೇಳುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಆ್ಯಪ್ ಕೊಟ್ಟ ಹೆಸರನ್ನು ಸುಮ್ನೆ ಒಪ್ಪಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯ, ನಮ್ಮ ರಾಜ್ಯದ ಸಸ್ಯಗಳ ಮಾಹಿತಿಯನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಆ ಗಿಡ ಕರ್ನಾಟಕದಲ್ಲಿ ಬೆಳೆಯುತ್ತದಾ, ಚಿತ್ರ ನಿಮ್ಮ ಗಿಡಕ್ಕೆ ಹೊಂದುತ್ತದಾ ಅಂತ ಅಲ್ಲಿ ಹೋಲಿಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಹ್ಯಾಂಡ್ ಲೆನ್ಸ್ ಕೊಂಡುಕೊಂಡರೆ ಖರ್ಚು ಕಡಿಮೆ, ಉಪಯೋಗ ತುಂಬಾ.

ಆ್ಯಪ್‌ಗಿಂತ ಒಳ್ಳೆಯ ಗುರುಗಳು ನಿಮ್ಮ ಕೆರೆ ಅಂಗಳದಲ್ಲೇ ಇದ್ದಾರೆ. ಕುರಿ ಮೇಯಿಸುವವರನ್ನು ಮಾತಾಡಿಸಿ. "ಇದೇನು ಗಿಡ ಅಣ್ಣ" ಅಂತ ಕೇಳಿ ನಿಲ್ಲಿಸಬೇಡಿ. ಕುರಿ ತಿನ್ನುತ್ತಾ, ಯಾವಾಗ ಚಿಗುರುತ್ತೆ, ಮನೆಯಲ್ಲಿ ಯಾವುದಕ್ಕಾದರೂ ಬಳಸ್ತೀರಾ ಅಂತ ಮುಂದುವರಿಸಿ. ಅಣ್ಣೆಸೊಪ್ಪು, ಹೊನಗೊನ್ನೆ, ಗಣಿಕೆ ಸೊಪ್ಪು ಕಿತ್ತು ತರುವ ಅಜ್ಜಿಯರು ಎರಡೆಲೆ ಸಸಿಯಲ್ಲೇ ಗುರುತು ಹಿಡಿಯುತ್ತಾರೆ. ಈ ತಿಳಿವಳಿಕೆ ಬರೆದಿಡದಿದ್ದರೆ ಅವರ ಜೊತೆಗೇ ಹೋಗಿಬಿಡುತ್ತದೆ, ನನಗೆ ನಿಜಕ್ಕೂ ಸಂಕಟ ಆಗುವುದು ಇದಕ್ಕೇ. ನೀವು ಸಮಾಜ ವಿಜ್ಞಾನದ ಟೀಚರ್. ಊರಿನ ಗಿಡಗಳ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತನ್ನಿ ಅಂತ ಮಕ್ಕಳಿಗೆ ಹೇಳುವುದಕ್ಕೆ ನಿಮಗಿಂತ ಸರಿಯಾದವರು ಯಾರು? ಪಕ್ಕದ ಊರಿನಲ್ಲಿ ಅದೇ ಗಿಡಕ್ಕೆ ಬೇರೆ ಹೆಸರು ಸಿಕ್ಕರೆ ಎರಡನ್ನೂ ಬರೆಯಿರಿ, ಜೊತೆಗೆ ವೈಜ್ಞಾನಿಕ ಹೆಸರು ಇರಲಿ. ಆಗ ಬೇರೆ ಜಿಲ್ಲೆಯವರಿಗೂ ನೀವು ಯಾವ ಗಿಡದ ಮಾತಾಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ.

ಏರಿಯ ಗಿಡಗಳು ಪಳಗಿದ ಮೇಲೆ ಒಂದು ದಿನ ದೇವರಾಯನದುರ್ಗಕ್ಕೆ ಹೋಗಿ ಬನ್ನಿ. ಕುರುಚಲು ಕಾಡಿನಲ್ಲಿ ಬಂದರಿಕೆ ಸಿಗುತ್ತದೆ. ಎಲೆ ಮುಟ್ಟಿದರೆ ಅಂಟಂಟು, ಕಾಯಿಗೆ ಕಾಗದದಷ್ಟು ತೆಳುವಾದ ರೆಕ್ಕೆ. ಕಾಡಿನೊಳಗೆ ಏನನ್ನೂ ಕೀಳಬೇಡಿ, ಫೋಟೊ ಸಾಕು. ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್‌ನಲ್ಲಿ ಹೆಸರು ಫಲಕ ಇರುವ ಮರಗಳ ಜೊತೆ ನಿಮ್ಮ ಗುರುತು ಪರೀಕ್ಷಿಸಿಕೊಳ್ಳಬಹುದು. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ಆ ತೋಟದಲ್ಲಿ ಹೊರದೇಶದ ಮರಗಳೂ ಬಹಳ ಇವೆ ಅನ್ನುವುದು ನೆನಪಿರಲಿ.

ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲ ದಿನವೇ ಒಂದು ಮಾತು ಗಟ್ಟಿಯಾಗಿ ಹೇಳಿಬಿಡಿ. ಗೊತ್ತಿಲ್ಲದ ಎಲೆ, ಕಾಯಿ, ಬೀಜ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ಉಮ್ಮತ್ತಿ, ಕಣಗಿಲೆ, ಗುಲಗಂಜಿ ಬೀಜ ಮೂರೂ ವಿಷ. ಈ ಮೂರನ್ನು ಮಕ್ಕಳು ಎಲ್ಲಕ್ಕಿಂತ ಮೊದಲು ಗುರುತಿಸಲು ಕಲಿಯಲಿ. ಎಕ್ಕದ ಹೂ ಬಿಡಿಸಿ ತೋರಿಸುವಾಗ ನೀವೇ ಬಿಡಿಸಿ, ಆಮೇಲೆ ಕೈ ತೊಳೆದುಕೊಳ್ಳಿ. ಅದರ ಹಾಲು ಕಣ್ಣಿಗೆ ಬಹಳ ಅಪಾಯ. ಯಾರ ಕಣ್ಣಿಗಾದರೂ ಸಿಡಿದರೆ ಉಜ್ಜಲು ಬಿಡದೆ ಧಾರಾಳ ನೀರಿನಲ್ಲಿ ತೊಳೆದು, ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.